ದೊಡ್ಡ ಎಂಜಿನ್ನಿಗೆ ಮುಂಗಡ ಕೊಡುವ ಮೊದಲು

ಸ್ವಂತ ಕೈಯಿಂದ ವಿಮಾನ ಕಟ್ಟುತ್ತಿರುವ ಕನ್ನಡದ ಗೆಳೆಯ ಗೆಳತಿಯರಿಗೆ,

ನಿಮ್ಮಲ್ಲಿ ಕೆಲವರು ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮನೆಯ ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆಯುತ್ತಿದ್ದೀರಿ. ಇನ್ನು ಕೆಲವರು ಬೆಂಗಳೂರಿನ ಕಾಲೇಜುಗಳಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಓದುತ್ತ, ಎಂದಾದರೊಂದು ದಿನ ಸ್ವಂತದ್ದೊಂದು ಪುಟ್ಟ ವಿಮಾನ ಹಾರಿಸಬೇಕೆಂದು ನಕ್ಷೆ ಬಿಡಿಸುತ್ತಿದ್ದೀರಿ. ಎರಡೂ ಕಡೆಯಿಂದ ಬರುವ ಪ್ರಶ್ನೆ ಒಂದೇ: ಇನ್ನೂ ಸ್ವಲ್ಪ ವೇಗ ಬೇಕು, ಯಾವ ಎಂಜಿನ್ ಹಾಕಲಿ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ವೇಗ ಬೇಕೆನಿಸಿದಾಗ ಮೊದಲು ವಿಮಾನದ ಮೈ ನೋಡಿ. ಎಂಜಿನ್ನಿನ ಮಾತು ಆಮೇಲೆ. ಹೀಗೆ ಹೇಳುವುದಕ್ಕೆ ನನ್ನಲ್ಲಿ ಕಾರಣಗಳಿವೆ. ಅವನ್ನು ನೀವೇ ತೂಗಿ ನೋಡಬೇಕೆಂದು ಈ ಪತ್ರ.

ಲೆಕ್ಕದಿಂದಲೇ ಶುರು ಮಾಡೋಣ. ಹಾರುವ ವಿಮಾನಕ್ಕೆ ಗಾಳಿ ಒಡ್ಡುವ ತಡೆಯನ್ನು ನಾವೆಲ್ಲ ಡ್ರ್ಯಾಗ್ ಎಂದೇ ಕರೆಯುತ್ತೇವೆ. ವೇಗ ಎರಡು ಪಟ್ಟಾದರೆ ಮೈಯ ಡ್ರ್ಯಾಗ್ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಅಶ್ವಶಕ್ತಿ ಎಂಟು ಪಟ್ಟಾಗುತ್ತದೆ. 160 ಅಶ್ವಶಕ್ತಿಯಲ್ಲಿ ಗಂಟೆಗೆ 300 ಕಿ.ಮೀ. ಹೋಗುವ ವಿಮಾನವನ್ನು ಬರೀ ಎಂಜಿನ್ ಬಲದಿಂದ 330ಕ್ಕೆ ಏರಿಸಬೇಕೆಂದರೆ ಸುಮಾರು 213 ಅಶ್ವಶಕ್ತಿ ಬೇಕು. ಅಂದರೆ ಶೇಕಡಾ 10ರಷ್ಟು ವೇಗಕ್ಕೆ ಶೇಕಡಾ 33ರಷ್ಟು ಶಕ್ತಿ. ನಿಮ್ಮಲ್ಲಿ ಹಲವರು ಯೋಚಿಸುತ್ತಿರುವ ಹಾಗೆ 180ರ ಎಂಜಿನ್ ಬಿಟ್ಟು 200ರದನ್ನು ಕೂರಿಸಿದರೆ, 300 ಇದ್ದ ವೇಗ 310 ಅಥವಾ 311 ಆಗುತ್ತದೆ. ಬೆಲೆಪಟ್ಟಿ ಬಿಡಿಸುವ ಮೊದಲು ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ.

ಅದೇ 10, 11 ಕಿಲೋಮೀಟರನ್ನು ಒಟ್ಟು ಡ್ರ್ಯಾಗಿನಲ್ಲಿ ಶೇಕಡಾ 10ರಷ್ಟು ಕಡಿತ ಮಾಡಿಯೂ ಗಳಿಸಬಹುದು. ಎರಡರ ಫಲವೂ ಒಂದೇ ಆದಮೇಲೆ ಎಂಜಿನ್ ಕೊಳ್ಳುವುದೇ ಸುಲಭವಲ್ಲವೇ ಎಂದು ನೀವು ಕೇಳಬಹುದು. ವೇಗದ ಲೆಕ್ಕ ಒಂದೇ, ಖರ್ಚಿನ ಲೆಕ್ಕ ಬೇರೆ. ಹೆಚ್ಚಿನ 20 ಅಶ್ವಶಕ್ತಿಯನ್ನು ಬಳಸಿದಾಗಲೆಲ್ಲ ಗಂಟೆಗೆ ಐದು ಲೀಟರ್ ಆಸುಪಾಸು ಪೆಟ್ರೋಲ್ ಹೆಚ್ಚಾಗಿ ಉರಿಯುತ್ತದೆ, ವಿಮಾನ ಹಾರುವಷ್ಟು ಕಾಲವೂ ಉರಿಯುತ್ತಲೇ ಇರುತ್ತದೆ. ಅಷ್ಟೇ ದೂರ ಹೋಗಲು ದೊಡ್ಡ ಟ್ಯಾಂಕ್ ಬೇಕು. ಲೈಕಮಿಂಗ್ ಕಂಪನಿಯ 200 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್ ಅದರ 180ರ ತಮ್ಮನಿಗಿಂತ ಹದಿನೈದು ಕಿಲೋ ಆಸುಪಾಸು ಹೆಚ್ಚು ತೂಗುತ್ತದೆ, ಆ ತೂಕವೆಲ್ಲ ಮೂಗಿನ ತುದಿಯಲ್ಲಿ ಕೂರುತ್ತದೆ. ತೂಕ ಹೆಚ್ಚಿದರೆ ರೆಕ್ಕೆ ಹೆಚ್ಚು ಎತ್ತಬೇಕು. ಎತ್ತುವ ಕೆಲಸಕ್ಕೆ ಅದು ತೆರುವ ಇಂಡ್ಯೂಸ್ಡ್ ಡ್ರ್ಯಾಗ್ ತೂಕದ ವರ್ಗದಂತೆ ಏರುತ್ತದೆ. ಹೆಚ್ಚು ಉರಿದ ಪೆಟ್ರೋಲಿನ ಬಿಸಿಯನ್ನು ಹೊರಹಾಕಲು ಹೆಚ್ಚು ಗಾಳಿಯನ್ನು ಕೌಲಿಂಗಿನೊಳಗೆ ತಗೊಳ್ಳಬೇಕು, ಆ ಗಾಳಿಯೂ ಡ್ರ್ಯಾಗನ್ನೇ ತರುತ್ತದೆ. ಕೊಂಡ ಶಕ್ತಿಯಲ್ಲಿ ಒಂದು ಪಾಲು ಹೀಗೆ ತನ್ನನ್ನು ತಾನು ಹೊತ್ತುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಡ್ರ್ಯಾಗ್ ತೆಗೆದವರ ಮುಂದೆ ಎರಡು ದಾರಿಗಳಿರುತ್ತವೆ: ಬೇಕಾದಾಗ ವೇಗವಾಗಿ ಹೋಗಬಹುದು, ಬೇಡವಾದಾಗ ಹಳೆಯ ವೇಗದಲ್ಲೇ ಥ್ರಾಟಲ್ ಹಿಂದೆಳೆದು ಕಡಿಮೆ ಪೆಟ್ರೋಲಿನಲ್ಲಿ ದೂರ ಹೋಗಬಹುದು. ಎಂಜಿನ್ ನಿಂತುಹೋದ ಗಳಿಗೆಯಲ್ಲಿ ಇನ್ನಷ್ಟು ದೂರ ತೇಲಿ ಇಳಿಯಲು ಜಾಗ ಹುಡುಕುವುದಕ್ಕೂ ಅದೇ ನೆರವಿಗೆ ಬರುತ್ತದೆ. ದೊಡ್ಡ ಎಂಜಿನ್ ನಿಂತರೆ ಅದು ಬರೀ ಭಾರ.

ಈ ಮಾತಿಗೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ ಮೈಕ್ ಆರ್ನಾಲ್ಡ್ ಕಟ್ಟಿದ ಎಆರ್-5. ಅವರು ಕ್ಯಾಲಿಫೋರ್ನಿಯಾದವರು. ಒಬ್ಬರೇ ಕೂರುವ ಪುಟ್ಟ ವಿಮಾನ, ಫೋಮ್ ಮತ್ತು ಫೈಬರ್‌ಗ್ಲಾಸಿನ ಮೈ. ಎಂಜಿನ್ ರೋಟ್ಯಾಕ್ಸ್ 582: ಎರಡು ಸಿಲಿಂಡರ್, ಟೂ-ಸ್ಟ್ರೋಕ್, 65 ಅಶ್ವಶಕ್ತಿ, ಮೈಕ್ರೋಲೈಟುಗಳಿಗೆ ಹಾಕುವಂಥದ್ದು. 1992ರಲ್ಲಿ ಈ ವಿಮಾನ 300 ಕಿಲೋಗಿಂತ ಕಡಿಮೆ ತೂಕದ ವರ್ಗದಲ್ಲಿ ಗಂಟೆಗೆ 213.18 ಮೈಲಿ, ಅಂದರೆ 343 ಕಿ.ಮೀ. ವೇಗದಲ್ಲಿ ಹಾರಿ ವಿಶ್ವದಾಖಲೆ ಮಾಡಿತು. ಇಷ್ಟಾಗಿ ಅದರ ಚಕ್ರಗಳು ಒಳಗೆ ಮಡಚುವಂಥವಲ್ಲ, ಹೊರಗೇ ನಿಂತಿರುವಂಥವು.

ಇಡೀ ವಿಮಾನದ ಡ್ರ್ಯಾಗನ್ನು ಗಾಳಿಗೆ ಎದುರಾಗಿ ಹಿಡಿದ ಒಂದು ಚಪ್ಪಟೆ ಹಲಗೆಯ ವಿಸ್ತೀರ್ಣವಾಗಿ ಅಳೆಯುವ ಪದ್ಧತಿಯೊಂದು ನಮ್ಮಲ್ಲಿದೆ. ಎಆರ್-5ಕ್ಕೆ ಆ ವಿಸ್ತೀರ್ಣ 0.88 ಚದರ ಅಡಿ. ರೆಕ್ಕೆ, ಬಾಲ, ಚಕ್ರ, ಕಾಕ್‌ಪಿಟ್ ಎಲ್ಲ ಸೇರಿ ಒಂದು ಅಡಿ ಚೌಕಕ್ಕಿಂತ ಕಡಿಮೆ! ಪೈಲಟ್ ತರಬೇತಿಯಲ್ಲಿ ನಾವೆಲ್ಲ ಕಂಡಿರುವ ಸೆಸ್ನಾ 172ಕ್ಕೆ ಈ ಅಂಕಿ ಐದು ಚದರ ಅಡಿ ದಾಟುತ್ತದೆ. ಆರ್ನಾಲ್ಡ್ ಹತ್ತಿರ ಗುಟ್ಟಿನ ವಸ್ತುವೇನೂ ಇರಲಿಲ್ಲ, ದೊಡ್ಡ ಕಂಪನಿಯ ಹಣವೂ ಇರಲಿಲ್ಲ. ತಾನು ಏನು ಮಾಡಿದೆ, ಏಕೆ ಮಾಡಿದೆ ಎಂಬುದನ್ನು ವಿಡಿಯೊಗಳಲ್ಲಿ ಎಲ್ಲರಿಗೂ ಬಿಡಿಸಿ ತೋರಿಸಿದರು. ಅವನ್ನು ನೋಡಿದವರಿಗೆ ತಿಳಿಯುತ್ತದೆ, ಅವರು ಮಾಡಿದ ಒಂದೊಂದು ಕೆಲಸವೂ ನಿಮ್ಮ ಗ್ಯಾರೇಜಿನಲ್ಲಿ ಮಾಡಬಹುದಾದದ್ದೇ.

ಅದೇ ರೋಟ್ಯಾಕ್ಸ್ 582 ಎಂಜಿನ್ನಿನ ಇನ್ನೊಂದು ವಿಮಾನ ನಮ್ಮ ಬೆಂಗಳೂರಿನದ್ದು. ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್, ಅಲ್ಯೂಮಿನಿಯಂ ಕೊಳವೆ ಮತ್ತು ಬಟ್ಟೆಯಿಂದ ಕಟ್ಟಿದ ಎರಡು ಸೀಟಿನ ಮೈಕ್ರೋಲೈಟ್. ಈ ಎಂಜಿನ್ನಿನಲ್ಲಿ ಅದು ಗಂಟೆಗೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಸಾಗುತ್ತದೆ. ಎಕ್ಸ್-ಏರನ್ನು ನಿಧಾನವಾಗಿ, ಸಣ್ಣ ಮೈದಾನದಿಂದ, ಇಬ್ಬರನ್ನು ಹೊತ್ತು ಹಾರಲೆಂದೇ ಮಾಡಿದ್ದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಹಾಗಾಗಿ ಈ ಹೋಲಿಕೆಯಿಂದ ಯಾವುದು ಮೇಲು ಎಂದು ತೀರ್ಮಾನಿಸಬೇಡಿ. ಒಂದೇ ಎಂಜಿನ್ನಿನಿಂದ ಮೂರು ಪಟ್ಟಿಗೂ ಮೀರಿದ ವೇಗದ ಅಂತರ ಹುಟ್ಟುವುದು ವಿಮಾನದ ಗಾತ್ರ ಮತ್ತು ಮೈಯಿಂದ ಎಂಬುದಷ್ಟೇ ನಾನು ಹೇಳುವುದು.

ಇನ್ನೂ ನ್ಯಾಯವಾದ ಹೋಲಿಕೆ ಬೇಕೆಂದರೆ ಪುಷ್ಪಕ್ ಇದೆ. ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿದ ಈ ವಿಮಾನ 1958ರಲ್ಲಿ ಮೊದಲು ಹಾರಿತು, ಆಮೇಲೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಹಾರಾಟ ಕಲಿಸಿತು. ಅಕ್ಕಪಕ್ಕ ಎರಡು ಸೀಟು, ತಲೆಯ ಮೇಲೆ ರೆಕ್ಕೆ, ರೆಕ್ಕೆಗೆ ಆಸರೆಯ ಕೋಲು, ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಗರಿಷ್ಠ ವೇಗ ಗಂಟೆಗೆ ಸುಮಾರು 145 ಕಿ.ಮೀ. ಅದಕ್ಕೆ ಐದು ವರ್ಷ ಮೊದಲು, 1953ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಶ್ಕೋಶ್ ಊರಿನಲ್ಲಿ ಸ್ಟೀವ್ ವಿಟ್‌ಮನ್ ಅವರು ಟೇಲ್‌ವಿಂಡ್ ಎಂಬ ವಿಮಾನ ಕಟ್ಟಿದ್ದರು. ಅದೂ ಅಕ್ಕಪಕ್ಕ ಎರಡು ಸೀಟು, ಮೇಲೆ ರೆಕ್ಕೆ, ಆಸರೆಯ ಕೋಲು, ಉಕ್ಕಿನ ಕೊಳವೆಯ ಮೇಲೆ ಬಟ್ಟೆಯ ಹೊದಿಕೆ, ಅದೇ ಅಳತೆಯ ಕಾಂಟಿನೆಂಟಲ್ ಎಂಜಿನ್. ವೇಗ ಗಂಟೆಗೆ 260 ಕಿ.ಮೀ. ಆಸುಪಾಸು. ನೋಡಲು ಅದೇನೂ ನುಣುಪಾದ ವಿಮಾನವಲ್ಲ, ಚೌಕಾಕಾರದ ಡಬ್ಬಿಯ ಹಾಗಿದೆ. ಅದರ ರೆಕ್ಕೆ ಪುಷ್ಪಕ್‌ನ ರೆಕ್ಕೆಯ ಅರ್ಧದಷ್ಟು, ಕ್ಯಾಬಿನ್ ಇಬ್ಬರು ಭುಜ ತಾಗಿಸಿಕೊಂಡು ಕೂರುವಷ್ಟು. ಚಕ್ರಕ್ಕೆ ಹೋಗುವ ಕಾಲು ಒಂದೇ ಒಂದು ಉಕ್ಕಿನ ಸ್ಪ್ರಿಂಗ್, ಹಳೆಯ ವಿಮಾನಗಳಲ್ಲಿದ್ದ ರಬ್ಬರು, ಕೀಲು, ಕೋಲುಗಳ ಗೊಂಚಲಿಲ್ಲ. ಅಂಥ ಸ್ಪ್ರಿಂಗ್ ಕಾಲನ್ನು ಸೆಸ್ನಾ ಕಂಪನಿಯೂ ಬಳಸಿತು. ರೆಕ್ಕೆ ಚಿಕ್ಕದಾದ್ದರಿಂದ ಟೇಲ್‌ವಿಂಡ್ ಪುಷ್ಪಕ್‌ಗಿಂತ ಹೆಚ್ಚು ವೇಗದಲ್ಲಿ ನೆಲಕ್ಕಿಳಿಯಬೇಕು. ಕಲಿಯುವ ಹುಡುಗರಿಗೆ ಅದು ಬೇಡ, ನಿಮಗೆ ಆಗಬಹುದು. ವಿಟ್‌ಮನ್ ಹೆಸರನ್ನೇ ಹೊತ್ತಿರುವ ಓಶ್ಕೋಶ್ ವಿಮಾನ ನಿಲ್ದಾಣದಲ್ಲಿ ಪ್ರತಿ ಬೇಸಿಗೆ ನಡೆಯುವ, ಸ್ವಂತ ವಿಮಾನ ಕಟ್ಟುವವರ ಸಂಘವಾದ ಇಎಎಯ ಸಮಾವೇಶಕ್ಕೆ ನೀವು ಹೋದರೆ, ಬಣ್ಣ ಬಳಿದ ಹೊಸ ಎಂಜಿನ್‌ಗಳ ಮಳಿಗೆಗಿಂತ ಮೊದಲು ಒಂದು ಟೇಲ್‌ವಿಂಡ್ ಹುಡುಕಿ, ಅದರ ಮುಂದೆ ಅರ್ಧ ಗಂಟೆ ನಿಂತು ನೋಡಿ.

ಎಲ್ಲರಿಗೂ ಒಂದೇ ಎಂಜಿನ್ ಕೊಟ್ಟರೆ ಏನಾಗುತ್ತದೆ ಎಂಬ ಪ್ರಯೋಗವೂ ನಡೆದಿದೆ. ಅಮೆರಿಕದ ಫಾರ್ಮುಲಾ ಒನ್ ವಿಮಾನ ಸ್ಪರ್ಧೆಯಲ್ಲಿ ಎಲ್ಲರದೂ 100 ಅಶ್ವಶಕ್ತಿಯ ಒ-200 ಎಂಜಿನ್. ರೆಕ್ಕೆಯ ಕನಿಷ್ಠ ವಿಸ್ತೀರ್ಣ, ಕನಿಷ್ಠ ತೂಕ ಎಲ್ಲಕ್ಕೂ ನಿಯಮವಿದೆ. ಜಾನ್ ಶಾರ್ಪ್ ಅವರ ನೆಮೆಸಿಸ್ ವಿಮಾನ 1991ರಿಂದ 1999ರವರೆಗೆ 48 ಸ್ಪರ್ಧೆಗಳಲ್ಲಿ 45 ಗೆದ್ದಿತು. ಕುಟುಂಬಗಳು ಓಡಾಡುವ ಸಾಮಾನ್ಯ ವಿಮಾನದಲ್ಲೂ ಇದೇ ಆಗಿದೆ. 1970ರ ದಶಕದಲ್ಲಿ ರಾಯ್ ಲೋಪ್ರೆಸ್ಟಿ ಅವರು ಮೂನಿ ಕಂಪನಿಯ ನಾಲ್ಕು ಸೀಟಿನ ವಿಮಾನದ ಕೌಲಿಂಗ್, ಮುಂದಿನ ಗಾಜು, ಸಂದುಗೊಂದುಗಳನ್ನೆಲ್ಲ ತಿದ್ದಿದರು. ಎಂಜಿನ್ ಮೊದಲಿದ್ದ 200 ಅಶ್ವಶಕ್ತಿಯದೇ ಉಳಿಯಿತು, ವೇಗ ಗಂಟೆಗೆ 201 ಮೈಲಿಗೆ ಏರಿತು. ವಿಮಾನದ ಹೆಸರೂ ಮೂನಿ 201 ಎಂದಾಯಿತು.

ಹಾಗಾದರೆ ಡ್ರ್ಯಾಗ್ ಎಲ್ಲಿ ಕೂತಿರುತ್ತದೆ? ನೀವು ಉಜ್ಜಿ ಪಾಲಿಶ್ ಮಾಡುವ ರೆಕ್ಕೆಯ ಮೇಲ್ಮೈಯಲ್ಲಿ ನೀವು ಅಂದುಕೊಂಡಷ್ಟು ಇರುವುದಿಲ್ಲ. ಸಂದುಗಳಲ್ಲಿ ಇರುತ್ತದೆ. ರೆಕ್ಕೆ ಮೈಗೆ ಸೇರುವ ಜಾಗವನ್ನು ನೋಡಿ. ರೆಕ್ಕೆಯ ಹಿಂಭಾಗದಲ್ಲಿ ಗಾಳಿಯ ವೇಗ ತಗ್ಗುತ್ತ ಒತ್ತಡ ಏರುತ್ತಿರುತ್ತದೆ. ಅದೇ ಜಾಗದಲ್ಲಿ ವಿಮಾನದ ಮೈಯೂ ಹಿಂದಕ್ಕೆ ಸಣ್ಣದಾಗುತ್ತ ಬಂದರೆ ಗಾಳಿಗೆ ಎರಡು ಕಡೆಯಿಂದ ಹಿಗ್ಗಬೇಕಾದ ಕಷ್ಟ. ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ತೆಳು ಪದರದಲ್ಲಿ ಅಷ್ಟು ಕಸುವಿರುವುದಿಲ್ಲ. ಅದು ಮೈ ಬಿಟ್ಟು ಸುಳಿಯಾಗಿ ಬೀಳುತ್ತದೆ, ಆ ಸುಳಿಯನ್ನು ವಿಮಾನ ದಾರಿಯುದ್ದಕ್ಕೂ ಎಳೆದುಕೊಂಡು ಹೋಗಬೇಕಾಗುತ್ತದೆ. ಆರ್ನಾಲ್ಡ್ ಅತಿ ಹೆಚ್ಚು ಒತ್ತು ಕೊಟ್ಟದ್ದು ಇಲ್ಲಿಗೇ. ಸಂದನ್ನು ತುಂಬುವ ಫಿಲೆಟ್ ಮುಂದೆ ಚಿಕ್ಕದಾಗಿ ಶುರುವಾಗಿ ಹಿಂದಕ್ಕೆ ಹೋದಂತೆ ದೊಡ್ಡದಾಗುತ್ತ ಹೋಗಬೇಕು. ಸಂದಿನ ಕೋನ ಕಿರಿದಾದಷ್ಟೂ ಫಿಲೆಟ್ ದೊಡ್ಡದಿರಬೇಕು. ಆಸರೆಯ ಕೋಲು ರೆಕ್ಕೆಗೆ ತಾಗುವ ಜಾಗ, ಚಕ್ರದ ಕಾಲು ಮೈಗೆ ತಾಗುವ ಜಾಗ, ಬಾಲದ ಬುಡ, ಎಲ್ಲಕ್ಕೂ ಇದೇ ನಿಯಮ.

ಇದನ್ನು ಕಣ್ಣಾರೆ ನೋಡುವ ಉಪಾಯ ಅಗ್ಗದ್ದು. ಒಂದು ಗೇಣಿಗಿಂತ ಚಿಕ್ಕದಾದ ಉಣ್ಣೆಯ ನೂಲಿನ ತುಂಡುಗಳನ್ನು ಸಂದಿನ ಸುತ್ತ ಸಾಲಾಗಿ ಟೇಪಿನಿಂದ ಅಂಟಿಸಿ, ರೆಕ್ಕೆಯ ತುದಿಯಲ್ಲೋ ಬಾಲದಲ್ಲೋ ಪುಟ್ಟ ಕ್ಯಾಮೆರಾ ಭದ್ರವಾಗಿ ಕೂರಿಸಿ ಹಾರಿ ಬನ್ನಿ. ನೂಲು ಹಿಂದಕ್ಕೆ ನೇರವಾಗಿ ಮಲಗಿದ್ದರೆ ಗಾಳಿ ಮೈಗಂಟಿ ಹರಿಯುತ್ತಿದೆ. ಒದ್ದಾಡುತ್ತಿದ್ದರೆ, ಮುಂದಕ್ಕೆ ತಿರುಗಿದ್ದರೆ ಅಲ್ಲಿ ಹರಿವು ಬಿಟ್ಟುಹೋಗಿದೆ. ಹಾಗೆ ಕಂಡ ಜಾಗದಲ್ಲಿ ಮೊದಲು ತಾತ್ಕಾಲಿಕವಾಗಿ ಫೋಮಿನ ಫಿಲೆಟ್ ಕೆತ್ತಿ ಟೇಪಿನಿಂದ ಭದ್ರ ಮಾಡಿ ಪರೀಕ್ಷಿಸಿ. ಗುಣ ಕಂಡರೆ ಆಮೇಲೆ ಫೈಬರ್‌ಗ್ಲಾಸ್.

ಇನ್ನು ದುಂಡು ಆಕಾರದ ಸಣ್ಣ ಪುಟ್ಟ ವಸ್ತುಗಳು. ದುಂಡನೆಯ ತಂತಿ ಅಥವಾ ಕೊಳವೆ ಗಾಳಿಗೆ ಒಡ್ಡುವ ತಡೆ, ಅದರ ಹತ್ತು ಪಟ್ಟು ದಪ್ಪದ, ಮೀನಿನಾಕಾರದ ಕೋಲು ಒಡ್ಡುವ ತಡೆಗೆ ಹೆಚ್ಚುಕಡಿಮೆ ಸಮ. ಹೊಸಬರಿಗೆ ಇದನ್ನು ನಂಬುವುದು ಕಷ್ಟ. ಹತ್ತಿ ಇಳಿಯುವ ದುಂಡು ಮೆಟ್ಟಿಲು, ಕಟ್ಟಿಹಾಕುವ ಉಂಗುರ, ಹೊರಗೆ ಚಾಚಿದ ಪೆಟ್ರೋಲಿನ ವೆಂಟ್ ಕೊಳವೆ, ಬೆತ್ತದಂಥ ಆಂಟೆನಾ, ಇವುಗಳನ್ನು ಪಟ್ಟಿ ಮಾಡಿ. ಯಾವುದನ್ನು ತೆಗೆಯಬಹುದು, ಯಾವುದನ್ನು ಒಳಗಿಡಬಹುದು, ಯಾವುದಕ್ಕೆ ಹೊದಿಕೆ ಹಾಕಬಹುದು ಎಂದು ಒಂದೊಂದನ್ನೂ ಕೇಳಿ. ವೆಂಟ್ ಕೊಳವೆಯ ಬಾಯನ್ನು ಮಾತ್ರ ನಕ್ಷೆಯಲ್ಲಿ ಹೇಳಿದ್ದಕ್ಕಿಂತ ಬೇರೆ ಮಾಡಬೇಡಿ. ಟ್ಯಾಂಕಿಗೆ ಉಸಿರಾಟ ಕಟ್ಟಿದರೆ ಎಂಜಿನ್ ನಿಲ್ಲುತ್ತದೆ. ಚಕ್ರದ ಹೊದಿಕೆಗಳನ್ನು ಆಮೇಲೆ ಹಾಕಿದರಾಯಿತು ಎಂದು ಮೂಲೆಯಲ್ಲಿಟ್ಟು ವರ್ಷಗಟ್ಟಲೆ ಹಾರುವವರಿದ್ದಾರೆ. ಬಿಡಿಬಿಡಿಯಾಗಿ ನೋಡಿದರೆ ಚಕ್ರ ಒಳಗೆ ಮಡಚದ ವಿಮಾನದಲ್ಲಿ ಚಕ್ರ ಮತ್ತು ಕಾಲಿನ ಡ್ರ್ಯಾಗ್ ತಗ್ಗಿಸುವುದಕ್ಕಿಂತ ದೊಡ್ಡ ಗಳಿಕೆ ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗದು. ಕಾಲಿನ ಹೊದಿಕೆ ಗಾಳಿಯ ದಿಕ್ಕಿಗೆ ನೇರವಾಗಿ ಕೂತಿದೆಯೇ ಎಂದು ಅಳೆದು ನೋಡಿ. ಒಂದೆರಡು ಡಿಗ್ರಿ ಓರೆಯಾದರೂ ಅದು ಚುಕ್ಕಾಣಿಯ ಹಾಗೆ ವಿಮಾನವನ್ನು ಪಕ್ಕಕ್ಕೆ ತಿರುಗಿಸುತ್ತದೆ. ಆಗ ಇಡೀ ಮೈಯೇ ಓರೆಯಾಗಿ ಹಾರುತ್ತದೆ.

ಕೌಲಿಂಗಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಎಂಜಿನ್ ಮತ್ತು ಡ್ರ್ಯಾಗ್ ಎರಡೂ ಸೇರುವ ಜಾಗ ಅದು. ಅಮೆರಿಕದ ಎನ್‌ಎಸಿಎ ಸಂಸ್ಥೆ 1928ರಲ್ಲಿ ಬಯಲಿಗೆ ತೆರೆದಿದ್ದ ನಕ್ಷತ್ರಾಕಾರದ ಎಂಜಿನ್ನಿಗೆ ಸರಿಯಾದ ಹೊದಿಕೆ ಮಾಡಿ ಕರ್ಟಿಸ್ ಎಟಿ-5ಎ ವಿಮಾನದಲ್ಲಿ ಪರೀಕ್ಷಿಸಿತು. ವೇಗ ಗಂಟೆಗೆ 118 ಮೈಲಿಯಿಂದ 137 ಮೈಲಿಗೆ ಏರಿತು. ಎಂಜಿನ್ ಅದೇ. 1929ರ ಕೋಲಿಯರ್ ಪ್ರಶಸ್ತಿ ಆ ಕೆಲಸಕ್ಕೆ ಸಿಕ್ಕಿತು. ಮುಂದೆ 1930ರ ದಶಕದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಮೆರೆಡಿತ್, ತಂಪು ಮಾಡಲು ಒಳಗೆ ತಗೊಂಡ ಗಾಳಿಯನ್ನು ಸರಿಯಾಗಿ ನಿಧಾನಿಸಿ, ಬಿಸಿ ಹೀರಿಸಿ, ಕಿರಿದಾಗುವ ಬಾಯಿಂದ ಮತ್ತೆ ವೇಗವಾಗಿ ಹೊರಬಿಟ್ಟರೆ ತಂಪಾಗಿಸುವ ಡ್ರ್ಯಾಗಿನ ಬಹುಪಾಲನ್ನು ಹಿಂದಕ್ಕೆ ಪಡೆಯಬಹುದೆಂದು ತೋರಿಸಿದರು. ಯುದ್ಧಕಾಲದ ಮಸ್ಟಾಂಗ್ ವಿಮಾನದ ಹೊಟ್ಟೆಯಡಿಯ ರೇಡಿಯೇಟರ್ ಈ ತತ್ವವನ್ನು ಬಳಸಿಕೊಂಡಿತು.

ನಿಮ್ಮ ಲೈಕಮಿಂಗಿಗೂ ಇದು ಅನ್ವಯಿಸುತ್ತದೆ. ಎಂಜಿನ್ ಬಿಸಿಯಾಗುತ್ತಿದೆ ಎಂದು ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಮುಂದಿನ ಬಾಯಿಯನ್ನೋ ಹಿಂದಿನ ಬಾಯಿಯನ್ನೋ ದೊಡ್ಡದು ಮಾಡುವ ಕೆಲಸ. ಸಾಮಾನ್ಯವಾಗಿ ತೊಂದರೆ ಇರುವುದು ನಡುವೆ. ಎಂಜಿನ್ ಸುತ್ತಲಿನ ತಗಡಿನ ಬ್ಯಾಫಲ್‌ಗೂ ಕೌಲಿಂಗಿಗೂ ನಡುವೆ ರಬ್ಬರ್ ಪಟ್ಟಿ ಸರಿಯಾಗಿ ಕೂರದೆ, ಸಿಲಿಂಡರಿನ ರೆಕ್ಕೆಗಳ ಮೂಲಕ ಹೋಗಬೇಕಾದ ಗಾಳಿ ಪಕ್ಕದ ಬಿರುಕಿನಿಂದ ಸೋರಿಹೋಗುತ್ತಿರುತ್ತದೆ. ಹಾಗೆ ಸೋರಿದ ಗಾಳಿ ಏನನ್ನೂ ತಂಪು ಮಾಡದೆ ಡ್ರ್ಯಾಗ್ ಮಾತ್ರ ಉಂಟುಮಾಡುತ್ತದೆ. ಕತ್ತಲಾದ ಮೇಲೆ ಹ್ಯಾಂಗರಿನ ದೀಪ ಆರಿಸಿ, ಕೌಲಿಂಗಿನೊಳಗೆ ಬಲವಾದ ಒಂದು ದೀಪ ಇಟ್ಟು, ಎಲ್ಲಿಂದ ಬೆಳಕು ಹೊರಬರುತ್ತಿದೆ ನೋಡಿ. ಬೆಳಕು ಬಂದಲ್ಲೆಲ್ಲ ಬಿಸಿ ತಡೆಯುವ ಸಿಲಿಕೋನ್ ಹಚ್ಚಿ ಮುಚ್ಚಿ. ಸೋರಿಕೆ ನಿಂತು ಸಿಲಿಂಡರ್ ತಲೆಯ ಉಷ್ಣತೆ ಇಳಿದ ಮೇಲೆ, ಹಿಂದಿನ ಬಾಯಿಯನ್ನು ಸ್ವಲ್ಪಸ್ವಲ್ಪವೇ ಕಿರಿದು ಮಾಡುತ್ತ ಬನ್ನಿ. ಪ್ರತಿ ಹೆಜ್ಜೆಯಲ್ಲೂ ಉಷ್ಣತೆ ಗಮನಿಸಿ. ಸಾಮಾನ್ಯ ಹಾರಾಟದಲ್ಲಿ ಅದು 400 ಡಿಗ್ರಿ ಫ್ಯಾರನ್‌ಹೀಟ್ ಒಳಗೇ ಇರಲಿ, ದೀರ್ಘವಾಗಿ ಮೇಲೇರುವಾಗಲೂ ಪರೀಕ್ಷಿಸಿ. ವೇಗವೂ ಸಿಗುತ್ತದೆ, ಎಂಜಿನ್ನೂ ಹೆಚ್ಚು ಕಾಲ ಬಾಳುತ್ತದೆ.

ಹುಡುಕುವ ಕ್ರಮ ಹೇಗಿರಬೇಕೆಂಬುದಕ್ಕೂ ಒಳ್ಳೆಯ ಮಾದರಿಯಿದೆ. 1938ರಲ್ಲಿ ಬ್ರೂಸ್ಟರ್ ಕಂಪನಿಯ ಯುದ್ಧವಿಮಾನವೊಂದನ್ನು ಇಡಿಯಾಗಿ ತನ್ನ ಲ್ಯಾಂಗ್ಲಿ ಪ್ರಯೋಗಾಲಯದ ಬೃಹತ್ ಗಾಳಿ ಸುರಂಗದಲ್ಲಿ ನಿಲ್ಲಿಸಿ, ಎಲ್ಲೆಲ್ಲಿ ಗಾಳಿ ತಡೆಯುತ್ತಿದೆ ಎಂದು ಎನ್‌ಎಸಿಎ ತಪಾಸಣೆ ಮಾಡಿತು. ಚಕ್ರದ ಗೂಡು, ಎಕ್ಸಾಸ್ಟ್ ಕೊಳವೆ, ಬಂದೂಕಿನ ಜೋಡಣೆ, ಗುರಿ ಹಿಡಿಯುವ ದುರ್ಬೀನು, ಇಂಥ ಸಣ್ಣಪುಟ್ಟವನ್ನೇ ತಿದ್ದಿದ್ದರಿಂದ ಗರಿಷ್ಠ ವೇಗ 250 ಮೈಲಿಯಿಂದ 281ಕ್ಕೆ ಏರಿತು. ಆ ಬಳಿಕ ಯುದ್ಧಕಾಲದ ಹಲವು ವಿಮಾನಗಳು ಆ ಸುರಂಗದ ಮುಂದೆ ಸಾಲು ನಿಂತವು. ಅಲ್ಲಿ ರೂಢಿಯಾದ ವಿಧಾನವೇನೆಂದರೆ ಮೊದಲು ವಿಮಾನದ ಎಲ್ಲ ತೂತು, ಸಂದು, ಉಬ್ಬುಗಳನ್ನು ಮುಚ್ಚಿ ನುಣುಪು ಮಾಡಿ ಡ್ರ್ಯಾಗ್ ಅಳೆಯುವುದು, ಆಮೇಲೆ ಒಂದೊಂದನ್ನೇ ತೆರೆಯುತ್ತ ಪ್ರತಿಯೊಂದೂ ಎಷ್ಟೆಷ್ಟು ಡ್ರ್ಯಾಗ್ ಸೇರಿಸುತ್ತದೆ ಎಂದು ಬರೆದಿಡುವುದು. ನಿಮ್ಮ ಹತ್ತಿರ ಸುರಂಗವಿಲ್ಲ, ಟೇಪ್ ಇದೆ. ಐಲೆರಾನ್ ಸಂದು, ಬಾಗಿಲಿನ ಅಂಚು, ತಪಾಸಣೆಯ ಮುಚ್ಚಳಗಳನ್ನು ಒಂದೊಂದಾಗಿ ಪರೀಕ್ಷಿಸಿ. ಚಲಿಸುವ ಭಾಗಕ್ಕೆ ಟೇಪ್ ಹಚ್ಚುವಾಗ ಮಾತ್ರ ಅದು ಎರಡೂ ತುದಿಯವರೆಗೆ ಸಲೀಸಾಗಿ ತಿರುಗುತ್ತದೆಯೇ ಎಂದು ನೆಲದಲ್ಲೇ, ಇಬ್ಬರು ನಿಂತು ಖಾತ್ರಿ ಮಾಡಿಕೊಳ್ಳಿ.

ಮೇಲ್ಮೈಯ ಉಜ್ಜಾಟದ ವಿಷಯಕ್ಕೆ ಬಂದರೆ ಬೆಂಗಳೂರಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಗಾಳಿ ಮೇಲ್ಮೈಯನ್ನು ಉಜ್ಜಿಕೊಂಡು ಹೋಗುವ ಬಲವನ್ನು ನೇರವಾಗಿ ಅಳೆದ ಮೊದಲಿಗರಲ್ಲಿ ಸತೀಶ್ ಧವನ್ ಒಬ್ಬರು. ಕ್ಯಾಲ್‌ಟೆಕ್‌ನಲ್ಲಿ ಅವರು ಮಾಡಿದ ಆ ಕೆಲಸವನ್ನು ಎನ್‌ಎಸಿಎ ತನ್ನ ವರದಿಯಾಗಿ ಪ್ರಕಟಿಸಿತು. ಕ್ಯಾಲ್‌ಟೆಕ್‌ನಿಂದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಯವಾದ ಲ್ಯಾಮಿನಾರ್ ಹರಿವು ಕದಡಿದ ಹರಿವಾಗಿ ಬದಲಾಗುವ ವಲಯದ ಬಗ್ಗೆ ರೊದ್ದಂ ನರಸಿಂಹ ಅವರೊಡನೆ 1958ರಲ್ಲಿ ಬರೆದ ಪ್ರಬಂಧವನ್ನು ಇಂದಿಗೂ ಲೋಕವೆಲ್ಲ ಓದುತ್ತದೆ. ನಿಮ್ಮ ರೆಕ್ಕೆಯ ಡ್ರ್ಯಾಗ್ ಎಷ್ಟೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಬದಲಾವಣೆ ಎಲ್ಲಿ ಆಗುತ್ತದೆ ಎಂಬುದೇ. ಆ ಪರಂಪರೆಯ ಊರಿನಲ್ಲಿ ಓದುತ್ತಿರುವವರು ಎಂಜಿನ್ನಿನ ಬೆಲೆಪಟ್ಟಿ ಹಿಡಿದು ಕೂತರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಲ್ಯಾಮಿನಾರ್ ಹರಿವನ್ನೇ ನಂಬಿದರೆ ಬರುವ ಅಪಾಯವನ್ನೂ ಹೇಳಬೇಕು. ಬರ್ಟ್ ರುಟಾನ್ ಅವರ ವೇರಿಈಝೀ 1975ರಲ್ಲೂ ಲಾಂಗ್-ಈಝೀ 1979ರಲ್ಲೂ ಹಾರಿದವು. ಕಡಿಮೆ ಶಕ್ತಿಯಲ್ಲಿ ವೇಗವಾಗಿ, ಬಹುದೂರ ಹೋಗುವುದಕ್ಕೆ ಹೆಸರಾದವು. ಬೆಂಗಳೂರಿನ ಎನ್‌ಎಎಲ್ 1980ರ ದಶಕದಲ್ಲಿ ಹಾರಿಸಿದ ಹಗುರ ಕೆನಾರ್ಡ್ ವಿಮಾನಕ್ಕೂ ಲಾಂಗ್-ಈಝೀಯೇ ಮೂಲ. ಈ ವಿಮಾನಗಳ ಮುಂದಿರುವ ಚಿಕ್ಕ ರೆಕ್ಕೆಗೆ ಮೊದಲು ಬಳಸಿದ ಅಡ್ಡಕೊಯ್ತದ ಆಕಾರ ಮಳೆಯಲ್ಲಿ ನೆನೆದರೆ ಹರಿವು ಕದಡಿ, ಎತ್ತುವ ಬಲ ತಗ್ಗಿ, ಮೂಗು ಕೆಳಗಿಳಿಯುತ್ತಿತ್ತು. ಜಾನ್ ರಾನ್ಸ್ ಹೊಸ ಆಕಾರವೊಂದನ್ನು ರೂಪಿಸಿಕೊಟ್ಟ ಮೇಲೆ ಆ ತೊಂದರೆ ನೀಗಿತು. ಮಳೆಹನಿ, ರೆಕ್ಕೆಯ ಮುಂದಿನ ಅಂಚಿಗೆ ಅಂಟಿದ ಹುಳುಗಳು, ಬಣ್ಣದ ಅಂಚು, ಇವೆಲ್ಲ ಇದ್ದಾಗಲೂ ನಿಮ್ಮ ವಿಮಾನ ಹಿಡಿತದಲ್ಲಿರಬೇಕು. ಮುಂಗಾರಿನ ನಾಡಿನಲ್ಲಿ ಹಾರುವ ಕನಸಿದ್ದವರಿಗೆ ಇದು ಇನ್ನೂ ಮುಖ್ಯ.

ಎಂಜಿನ್ ಕಡೆಗೆ ಮತ್ತೆ ಬರುತ್ತೇನೆ. ವಿನ್ಯಾಸಕಾರ ಹೇಳಿದ ಮಿತಿಗಿಂತ ದೊಡ್ಡ ಎಂಜಿನ್ ಹಾಕುವುದರಲ್ಲಿ ಹಣಕ್ಕಿಂತ ದೊಡ್ಡ ಅಪಾಯವಿದೆ. ವ್ಯಾನ್ಸ್ ಕಂಪನಿಯ ಆರ್‌ವಿ-9ಕ್ಕೆ ಶಿಫಾರಸಾಗಿರುವುದು 160 ಅಶ್ವಶಕ್ತಿಯವರೆಗೆ. ಅದಕ್ಕೆ 180 ಹಾಕುವವರಿದ್ದಾರೆ, ನಿಮ್ಮಲ್ಲೂ ಯೋಚಿಸುತ್ತಿರುವವರಿದ್ದೀರಿ. ವೇಗ ಒಂದು ಹಂತ ದಾಟಿದರೆ ರೆಕ್ಕೆಯೋ ಬಾಲವೋ ತಾನೇ ತಾನಾಗಿ ನಡುಗಲು ಶುರುಮಾಡುತ್ತದೆ, ಕ್ಷಣಗಳಲ್ಲಿ ಮುರಿದುಬೀಳಲೂಬಹುದು. ಇದೇ ಫ್ಲಟರ್. ಅದು ಅವಲಂಬಿಸಿರುವುದು ಗಾಳಿಯಲ್ಲಿ ವಿಮಾನದ ನಿಜವೇಗವನ್ನು. ಎತ್ತರದಲ್ಲಿ ನಿಮ್ಮ ವೇಗಮಾಪಕ ತೋರಿಸುವುದು ಅದಕ್ಕಿಂತ ಕಡಿಮೆ. ಹೆಚ್ಚು ಶಕ್ತಿಯಿಂದ ಹೆಚ್ಚು ಎತ್ತರಕ್ಕೆ ಹೋದವರು ಮುಳ್ಳು ಹಸಿರಿನಲ್ಲೇ ಇದೆ ಎಂದುಕೊಂಡು ಮಿತಿ ದಾಟಿರುತ್ತಾರೆ. ಡ್ರ್ಯಾಗ್ ಕಡಿಮೆ ಮಾಡಿದವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ನುಣುಪಾದ ವಿಮಾನ ಇಳಿಜಾರಿನಲ್ಲಿ ಬೇಗ ವೇಗ ಪಡೆಯುತ್ತದೆ, ಮೂಗು ಸ್ವಲ್ಪ ಬಾಗಿದರೂ ಕೆಂಪು ಗೆರೆಯ ಹತ್ತಿರ ಬರುತ್ತದೆ. ರನ್‌ವೇ ಮೇಲೆ ಬೇಗ ನೆಲ ಮುಟ್ಟದೆ ತೇಲುತ್ತ ಹೋಗುತ್ತದೆ. ಲಾಂಗ್-ಈಝೀಗೆ ಹೊಟ್ಟೆಯಡಿ ತೆರೆದುಕೊಳ್ಳುವ ಸ್ಪೀಡ್ ಬ್ರೇಕ್ ಕೊಟ್ಟದ್ದು ಈ ಕಾರಣಕ್ಕೇ. ಕ್ರೂಸಿನಲ್ಲಿ ತೆಗೆದ ಡ್ರ್ಯಾಗನ್ನು ಇಳಿಯುವಾಗ ಬೇಕೆಂದಂತೆ ಮರಳಿ ತರುವ ದಾರಿಯನ್ನು ನಕ್ಷೆಯ ಹಂತದಲ್ಲೇ ಇಟ್ಟುಕೊಳ್ಳಿ.

ಶಕ್ತಿಯೇ ಬೇಕಾದ ಸಂದರ್ಭಗಳೂ ಇವೆ. ಅವನ್ನು ಮುಚ್ಚಿಟ್ಟರೆ ನಿಮಗೆ ಅನ್ಯಾಯ ಮಾಡಿದಂತೆ. ನೆಲ ಬಿಟ್ಟು ಮೇಲೇರುವಾಗ ವೇಗ ಕಡಿಮೆ, ಮೈಯ ಡ್ರ್ಯಾಗಿನ ಪಾಲೂ ಕಡಿಮೆ. ಆಗ ಏರಿಸುವುದು ಹಾರಾಟಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಉಳಿದಿರುವ ಅಶ್ವಶಕ್ತಿ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಸೂಪರ್‌ಚಾರ್ಜರ್, ಟರ್ಬೊ ಇಲ್ಲದ ಎಂಜಿನ್ ಅಲ್ಲಿ ನೆಲದ ಮೇಲೇ ಶೇಕಡಾ ಹತ್ತರಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು ಸೇರಿದರೆ ಇನ್ನೂ ಕಡಿಮೆ. ಡೆನ್ವರಿನಂಥ ಎತ್ತರದ ಊರುಗಳಲ್ಲಿ ಹಾರುವವರಿಗೆ ಇದರ ಅನುಭವ ಚೆನ್ನಾಗಿದೆ. ಚಿಕ್ಕ ರನ್‌ವೇ, ಎತ್ತರದ ಊರು, ತುಂಬಿದ ಸೀಟು, ಮುಂದೆ ಗುಡ್ಡ, ಇವುಗಳಲ್ಲಿ ಎರಡು ನಿಮ್ಮ ಪಾಲಿಗೆ ಬಂದಿದ್ದರೆ ವಿನ್ಯಾಸಕಾರ ಒಪ್ಪಿದ ಮಿತಿಯೊಳಗಿನ ದೊಡ್ಡ ಎಂಜಿನ್ ತಗೊಳ್ಳಿ, ನಾನು ಬೇಡ ಎನ್ನುವುದಿಲ್ಲ. ಅದನ್ನು ಮೇಲೇರುವ ಬಲಕ್ಕೆಂದು ಕೊಳ್ಳಿ. ಕ್ರೂಸಿನ ವೇಗಕ್ಕೆಂದು ಕೊಳ್ಳುತ್ತಿರುವವರಿಗೆ ಈ ಪತ್ರ. ಹಗುರವಾಗಿ ಕಟ್ಟುವುದು ಎರಡಕ್ಕೂ ಒಳ್ಳೆಯದು: ಪ್ರತಿ ಕಿಲೋ ಕಡಿತವೂ ಏರುವಾಗ ಸಹಾಯ ಮಾಡುತ್ತದೆ, ಕ್ರೂಸಿನಲ್ಲೂ.

ಅಳೆಯದೆ ಏನನ್ನೂ ನಂಬಬೇಡಿ. ನಾನು ಬರೆದದ್ದನ್ನೂ ಸೇರಿಸಿ. ಗಾಳಿ ಶಾಂತವಾಗಿರುವ ಬೆಳಗಿನ ಜಾವ ಒಂದೇ ಎತ್ತರದಲ್ಲಿ, ಒಂದೇ ಆರ್‌ಪಿಎಮ್‌ನಲ್ಲಿ, ಹೆಚ್ಚುಕಡಿಮೆ ಒಂದೇ ತೂಕದಲ್ಲಿ ನಾಲ್ಕು ದಿಕ್ಕಿಗೂ ಹಾರಿ ಜಿಪಿಎಸ್ ವೇಗ ಬರೆದಿಟ್ಟುಕೊಳ್ಳಿ, ಹೊರಗಿನ ಉಷ್ಣತೆಯನ್ನೂ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಕೊಟ್ಟಿತು, ಯಾವುದು ಕಿತ್ತುಕೊಂಡಿತು ಎಂದು ತಿಳಿಯುವುದಿಲ್ಲ. ಕೆಲವು ಬದಲಾವಣೆಗಳಿಂದ ಏನೂ ಸಿಗದಿರಬಹುದು, ಅದನ್ನೂ ಬರೆಯಿರಿ. ಮುಂದಿನವರಿಗೆ ಅಷ್ಟು ದಿನ ಉಳಿಯುತ್ತದೆ.

ಈ ತಿಂಗಳು ಎಂಜಿನ್ನಿಗೆ ಮುಂಗಡ ಕೊಡಬೇಕೆಂದಿರುವವರು ಅದನ್ನು ಕೊಂಚ ತಡೆಹಿಡಿದು ನಾಲ್ಕು ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಕೌಲಿಂಗಿನ ಮುಂದಿನ ಬಾಯಿಗಳ ಒಟ್ಟು ವಿಸ್ತೀರ್ಣ, ಹಿಂದಿನ ಬಾಯಿಯ ವಿಸ್ತೀರ್ಣ, ನೀವು ಹಾರಲಿರುವ ರನ್‌ವೇಯ ಉದ್ದ, ಅದರ ಎತ್ತರ. ಅದರ ಜೊತೆಗೆ ಚಕ್ರ ಮತ್ತು ರೆಕ್ಕೆಯ ಸಂದಿನ ಎರಡು ಫೋಟೊ. ಇಷ್ಟು ಕಳಿಸಿದರೆ ನಿಮಗೆ ಬೇಕಾದದ್ದು ಅಶ್ವಶಕ್ತಿಯೋ ಫೈಬರ್‌ಗ್ಲಾಸೋ ಎಂದು ಕೂತು ಲೆಕ್ಕ ಹಾಕೋಣ.

ಇಂತಿ,
ನಿಮ್ಮ ಹಾರಾಟಗಳಿಗೆ ಒಳಿತನ್ನು ಬಯಸುವ,
ಬೆಂಗಳೂರಿನ ಒಬ್ಬ ಏರೋಡೈನಮಿಕ್ಸ್ ಎಂಜಿನಿಯರ್